ಹೂಳಿನ ನಡೆ: ಅರ್ಕಾವತೀ ಕಣ್ವಾ ಸೀಮೆಯಲ್ಲಿ ಮಣ್ಣೂ ಮಾಲಿನ್ಯವೂ

ಕನ್ನಡದಲ್ಲಿ ‘ಹೂಳು’ ಎಂಬ ಶಬ್ದವು ಕ್ರಿಯಾಪದವಾಗಿಯೂ ನಾಮಪದವಾಗಿಯೂ ಬಳಕೆಯಲ್ಲಿದೆ. ಕ್ರಿಯಾಪದವಾದಾಗ ಅದಕ್ಕೆ ನೆಲದೊಳಗೆ ಹುದುಗಿಸುವುದೆಂದು ಅರ್ಥ. ನಾಮಪದವಾದಾಗ ನೀರು ಹೊತ್ತು ತಂದು ಕೆರೆಕಟ್ಟೆಗಳ ತಳದಲ್ಲಿ ಇಳಿಸಿಹೋದ ಮಣ್ಣೆಂದು ಅರ್ಥ. ಹಳಗನ್ನಡದ ‘ಪೂೞ್’ ಎಂಬ ಧಾತುವು ಇವೆರಡಕ್ಕೂ ಮೂಲವಾದುದು. ಬೇಸಾಯಗಾರರ ಮಾತಿನಲ್ಲಿ ನೀರು ತಂದ ಮಣ್ಣಿಗೆ ಇನ್ನೂ ಹಲವು ಹೆಸರುಗಳುಂಟು. ಹೊಳೆಯ ಪಾತ್ರದಲ್ಲಿ ನಿಲ್ಲುವ ಒರಟು ಕಣವು ಮರಳು. ಪ್ರವಾಹವಿಳಿದ ಮೇಲೆ ದಡದಲ್ಲಿ ಉಳಿಯುವುದು ಮೆಕ್ಕಲು. ಕೆರೆಯಂಗಳದಲ್ಲಿ ನುಣ್ಣಗೆ ಕೂಡುವುದು ಗೋಡು. ನೀರಿನೊಡನೆ ಕಲಸಿಕೊಂಡಿರುವುದು ಕೆಸರು. ನೀರು ಯಾವ ಕಣವನ್ನು ಎಲ್ಲಿ ಕೈಬಿಡುತ್ತದೆ ಎಂಬುದನ್ನು ಈ ಹೆಸರುಗಳೇ ಒಂದು ಮಟ್ಟಿಗೆ ತಿಳಿಸುತ್ತವೆ.

ಹೂಳಿನ ವಿಚಾರವು ಬಹುಕಾಲ ಅದರ ಪ್ರಮಾಣದ ವಿಚಾರವಾಗಿಯೇ ಇತ್ತು. ಕೆರೆಯಲ್ಲಿ ಎಷ್ಟು ತುಂಬಿತು, ಎಷ್ಟು ತೆಗೆಯಬೇಕು, ಅದರಿಂದ ಎಷ್ಟು ನೀರು ಕಡಮೆಯಾಯಿತು ಎಂಬಿಷ್ಟನ್ನೇ ಕೇಳಲಾಗುತ್ತಿತ್ತು. ಈಗ ಅದರ ಗುಣವನ್ನೂ ವಿಚಾರಿಸಬೇಕಾಗಿದೆ. ನಗರದ ಕೊಳೆಯೊಡನೆ ನೀರಿಗೆ ಸೇರುವ ಲೋಹಾದಿ ವಿಷಪದಾರ್ಥಗಳಲ್ಲಿ ಹೆಚ್ಚಿನ ಭಾಗವು ನುಣ್ಣನೆಯ ಮಣ್ಣಿನ ಕಣಗಳಿಗೆ ಅಂಟಿಕೊಂಡು ಸಾಗುತ್ತದೆ. ಕಣಗಳು ನಿಂತಲ್ಲಿ ತಾನೂ ನಿಲ್ಲುತ್ತದೆ. ಆದುದರಿಂದ ಎರಡು ಕೆರೆಗಳ ಹೂಳು ಕಣ್ಣಿಗೆ ಒಂದೇ ತೆರನಾಗಿ ಕಂಡರೂ ಒಂದು ಗದ್ದೆಗೆ ಗೊಬ್ಬರವಾಗಿಯೂ ಮತ್ತೊಂದು ಗದ್ದೆಗೆ ವಿಷವಾಗಿಯೂ ಇರಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳು ಇದಕ್ಕೆ ತಕ್ಕ ನಿದರ್ಶನ. ಹಳ್ಳಿಗಾಡಿನ ಮಣ್ಣನ್ನು ತರುವ ಹೊಳೆಯೂ ಮಹಾನಗರದ ಕೊಳೆಯನ್ನು ತರುವ ಹೊಳೆಯೂ ಇಲ್ಲಿ ಒಂದಕ್ಕೊಂದು ಸಮೀಪದಲ್ಲಿಯೇ ಹರಿಯುತ್ತವೆ.

೧. ಸೀಮೆಯ ಹೊಳೆಗಳು

ಈ ನಾಲ್ಕು ಸೀಮೆಗಳು ೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿದವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಇಲ್ಲಿಯ ಮುಖ್ಯ ನದಿ ಅರ್ಕಾವತಿ. ಅದು ನಂದಿದುರ್ಗದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಮೇಲೆ ಹರಿದು, ೧೮೯೪ರಲ್ಲಿ ಕಟ್ಟಿದ ಹೆಸರಘಟ್ಟದ ಜಲಾಶಯವನ್ನು ದಾಟಿ ಮಾಗಡಿ ಸೀಮೆಗೆ ಬರುತ್ತದೆ. ಅಲ್ಲಿ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಅದನ್ನು ಸೇರುವೆಡೆಯಲ್ಲಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಇದೆ. ಬೆಂಗಳೂರಿನ ಕುಡಿಯುವ ನೀರಿಗಾಗಿ ೧೯೩೩ರ ಹೊತ್ತಿಗೆ ಕಟ್ಟಿದ ಈ ಜಲಾಶಯಕ್ಕೆ ಚಾಮರಾಜಸಾಗರವೆಂದು ಹೆಸರು. ಅದರ ಕೆಳಗೆ ಮಂಚನಬೆಲೆಯ ಜಲಾಶಯ, ಅನಂತರ ರಾಮನಗರ ಪಟ್ಟಣ, ಕನಕಪುರ ಪಟ್ಟಣ, ಹಾರೋಬೆಲೆಯ ಜಲಾಶಯ. ಕಡೆಗೆ ಸಂಗಮವೆಂಬಲ್ಲಿ ಅರ್ಕಾವತಿಯು ಕಾವೇರಿಯಲ್ಲಿ ಕೂಡುತ್ತದೆ.

ಇದಕ್ಕೆ ಪಶ್ಚಿಮದಲ್ಲಿ ಕಣ್ವಾ ನದಿಯು ಮಾಗಡಿ ಸೀಮೆಯಲ್ಲಿ ಹುಟ್ಟಿ ಚನ್ನಪಟ್ಟಣದ ಸೀಮೆಯಲ್ಲಿ ಹರಿದು ಶಿಂಷೆಯನ್ನು ಸೇರುತ್ತದೆ. ಶಿಂಷೆಯು ಕಾವೇರಿಯನ್ನು ಸೇರುತ್ತದೆ. ಕಣ್ವಾ ಜಲಾಶಯವು ೧೯೪೬ರಲ್ಲಿ ಆದುದು. ಪೂರ್ವದಿಂದ ಬರುವುದು ವೃಷಭಾವತಿ. ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವನ ಪಾದದ ಬಳಿ ಇದು ಹುಟ್ಟಿತೆಂದು ಐತಿಹ್ಯ. ಹೆಸರೂ ಅದರಿಂದಲೇ ಬಂದಿದೆ. ಕೆಂಗೇರಿಯನ್ನು ದಾಟಿ, ಬಿಡದಿಗೆ ಸಮೀಪದ ಬೈರಮಂಗಲದ ಕೆರೆಯನ್ನು ಹೊಕ್ಕು ಹೊರಟು, ಕನಕಪುರ ಸೀಮೆಯಲ್ಲಿ ಅದು ಅರ್ಕಾವತಿಯನ್ನು ಸೇರುತ್ತದೆ.

೨. ಬಂಡೆಯಿಂದ ಮಣ್ಣಿಗೆ

ಈ ಸೀಮೆಯ ಹೂಳಿಗೆ ಮೂಲವು ಇಲ್ಲಿಯ ಬಂಡೆಗಳು. ಸಾವನದುರ್ಗ, ರಾಮದೇವರ ಬೆಟ್ಟ ಮುಂತಾದುವನ್ನು ಒಳಗೊಂಡ ಕಣಶಿಲೆಯ ಸಾಲಿಗೆ ಭೂವಿಜ್ಞಾನಿಗಳು ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಇಟ್ಟಿದ್ದಾರೆ. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಈ ಶಿಲೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಎಂಬ ಖನಿಜಗಳು ಬೆರೆತಿವೆ. ಬಿಸಿಲು ಮಳೆಗಳಿಗೆ ಶಿಲೆಯು ಶಿಥಿಲವಾದಾಗ ಬೆಣಚು ಕರಗದೆ ಉಳಿದು ಮರಳಾಗುತ್ತದೆ. ಫೆಲ್ಡ್‌ಸ್ಪಾರು ಮಳೆನೀರಿನ ಆಮ್ಲಗುಣದಿಂದ ರೂಪಾಂತರ ಹೊಂದಿ ಜೇಡಿಯಾಗುತ್ತದೆ. ಹೀಗೆ ಒಂದೇ ಬಂಡೆಯಿಂದ ಸ್ವಭಾವದಲ್ಲಿ ಪರಸ್ಪರ ಭಿನ್ನವಾದ ಎರಡು ಬಗೆಯ ಕಣಗಳು ಹುಟ್ಟುತ್ತವೆ. ಮರಳಿನ ಕಣವು ದಪ್ಪ, ನುಣುಪು, ಯಾವುದನ್ನೂ ಅಂಟಿಸಿಕೊಳ್ಳದು. ಜೇಡಿಯ ಕಣವು ಅತಿಸೂಕ್ಷ್ಮ, ಹಾಳೆಯಂತೆ ಚಪ್ಪಟೆ. ಅದರ ಮೈಮೇಲೆ ಋಣವಿದ್ಯುತ್ತಿನ ಅಂಶವಿರುವುದರಿಂದ ಧನವಿದ್ಯುತ್ತುಳ್ಳ ಲೋಹದ ಅಣುಗಳನ್ನು ಸೆಳೆದು ಹಿಡಿದುಕೊಳ್ಳುತ್ತದೆ.

ಸೂಕ್ಷ್ಮಕಣಕ್ಕೆ ಹಿಡಿಯುವ ಶಕ್ತಿ ಹೆಚ್ಚು ಎಂಬುದು ಒಂದು ಸುಲಭವಾದ ಲೆಕ್ಕದಿಂದ ತಿಳಿಯುತ್ತದೆ. ಒಂದು ಮಿಲಿಮೀಟರು ಅಳತೆಯ ಘನಾಕೃತಿಯ ಮರಳಿನ ಕಣವೊಂದಕ್ಕೆ ಆರು ಚದರ ಮಿಲಿಮೀಟರಿನಷ್ಟು ಮೈ ಇರುತ್ತದೆ. ಅದನ್ನೇ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಅಳತೆಯ ಘನಗಳಾಗಿ ಒಡೆದರೆ ನೂರು ಕೋಟಿ ಕಣಗಳಾಗಿ, ಎಲ್ಲದರ ಮೈ ಸೇರಿ ಆರು ಸಾವಿರ ಚದರ ಮಿಲಿಮೀಟರು ಆಗುತ್ತದೆ. ಪದಾರ್ಥವು ಅಷ್ಟೇ ಇದ್ದು, ಅಂಟಿಕೊಳ್ಳುವುದಕ್ಕೆ ದೊರೆಯುವ ಸ್ಥಳ ಮಾತ್ರ ಸಾವಿರ ಮಡಿ ಹೆಚ್ಚುತ್ತದೆ. ಜೇಡಿಯ ಮೇಲೆ ಕಬ್ಬಿಣದ ಮತ್ತು ಮ್ಯಾಂಗನೀಸಿನ ತುಕ್ಕಿನ ತೆಳುಲೇಪವೂ ಕೊಳೆತ ಸಸ್ಯದ ಅಂಶವೂ ಇರುವುದುಂಟು. ಅವು ಈ ಶಕ್ತಿಯನ್ನು ಇನ್ನೂ ಹೆಚ್ಚಿಸುತ್ತವೆ.

೩. ನೀರು ಹೊರುವ ಬಗೆ, ಇಳಿಸುವ ಬಗೆ

ಹರಿಯುವ ನೀರು ತನ್ನ ಹೊರೆಯನ್ನು ಮೂರು ಬಗೆಯಾಗಿ ಒಯ್ಯುತ್ತದೆ. ಉಪ್ಪು, ನೈಟ್ರೇಟು ಮುಂತಾದುವು ಕರಗಿದ ರೂಪದಲ್ಲಿ ಸಾಗುತ್ತವೆ. ನೀರು ಹೋದಲ್ಲೆಲ್ಲ ಇವು ಹೋಗುತ್ತವೆ, ನೆಲದೊಳಕ್ಕೆ ಇಂಗಿ ಬಾವಿಗಳನ್ನೂ ಸೇರುತ್ತವೆ. ಜೇಡಿಯೂ ನುಣ್ಣನೆಯ ಗೋಡೂ ನೀರಿನ ಸುಳಿಗಳಲ್ಲಿ ತೇಲಾಡುತ್ತ ಸಾಗುತ್ತವೆ. ಮರಳು, ನೊರಜುಗಲ್ಲುಗಳು ತಳದ ಮೇಲೆ ಉರುಳುತ್ತ, ಕುಪ್ಪಳಿಸುತ್ತ ಸಾಗುತ್ತವೆ.

ವೇಗವು ತಗ್ಗಿದೊಡನೆ ಹೊರೆಯು ಇಳಿಯತೊಡಗುತ್ತದೆ. ನಿಂತ ನೀರಿನಲ್ಲಿ ಸಣ್ಣ ಕಣವು ಇಳಿಯುವ ವೇಗದ ನಿಯಮವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿದ್ವಾಂಸನು ೧೮೫೧ರಲ್ಲಿ ನಿರೂಪಿಸಿದನು. ಅದರಂತೆ ಆ ವೇಗವು ಕಣದ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ವ್ಯಾಸವು ಹತ್ತರಲ್ಲೊಂದಾದರೆ ವೇಗವು ನೂರರಲ್ಲೊಂದಾಗುತ್ತದೆ. ಹತ್ತು ಮೀಟರು ಆಳದ ನಿಶ್ಚಲವಾದ ನೀರಿನಲ್ಲಿ ೦.೧ ಮಿಲಿಮೀಟರಿನ ನುಣ್ಣನೆಯ ಮರಳು ತಳ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಸಾಕು. ೦.೦೧ ಮಿಲಿಮೀಟರಿನ ಗೋಡಿಗೆ ಒಂದು ದಿನಕ್ಕಿಂತ ಹೆಚ್ಚು ಬೇಕು. ೦.೦೦೧ ಮಿಲಿಮೀಟರಿನ ಜೇಡಿಗೆ ನಾಲ್ಕು ತಿಂಗಳಾದರೂ ಬೇಕು. ಆದುದರಿಂದ ಹೊಳೆಯು ಕೆರೆಯನ್ನು ಹೊಗುವ ಬಾಯಲ್ಲಿಯೇ ಮರಳು ನಿಂತು ದಿಬ್ಬವಾಗುತ್ತದೆ; ಗೋಡು ಅಂಗಳದ ನಡುವೆ ಇಳಿಯುತ್ತದೆ; ಜೇಡಿಯು ಏರಿಯ ಬುಡದವರೆಗೂ ಬಂದು, ತೂಬು ತೆರೆದಿದ್ದರೆ ಗದ್ದೆಗೂ ಕೋಡಿ ಹರಿದರೆ ಮುಂದಿನ ಕೆರೆಗೂ ಹೋಗುತ್ತದೆ. ವಿಷವನ್ನು ಹಿಡಿದಿರುವ ಕಣವೇ ಎಲ್ಲಕ್ಕಿಂತ ದೂರ ಸಾಗುವ ಕಣವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಒಮ್ಮೆ ಇಳಿದುದು ಮತ್ತೆ ಏಳುವ ಕ್ರಮವು ಬೇರೆ. ಸ್ವೀಡನ್ ದೇಶದ ಫಿಲಿಪ್ ಯೂಲ್‌ಸ್ಟ್ರೋಮನು ೧೯೩೫ರಲ್ಲಿ ತೋರಿಸಿದಂತೆ, ತಳದಿಂದ ಅತಿಸುಲಭವಾಗಿ ಏಳುವುದು ನಡುವಣ ಗಾತ್ರದ ಮರಳೇ ಹೊರತು ಅತಿ ಸಣ್ಣದಾದ ಜೇಡಿಯಲ್ಲ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುವುದರಿಂದ ಅವುಗಳನ್ನು ಕೀಳಲು ಹೆಚ್ಚು ರಭಸ ಬೇಕು. ಸಾಮಾನ್ಯವಾದ ಹರಿವಿನಲ್ಲಿ ಜೇಡಿಯ ಪದರವು ವರ್ಷಗಟ್ಟಲೆ ಹಾಗೆಯೇ ಇದ್ದು, ಮಹಾಪೂರ ಬಂದಾಗ ಒಮ್ಮೆಗೇ ಎದ್ದು ಕೆಳಕ್ಕೆ ಹೋಗುತ್ತದೆ. ಬೇಸಗೆಯಲ್ಲಿ ಮಾತ್ರ ನೀರನ್ನು ಪರೀಕ್ಷಿಸಿ ನದಿಯು ನಿರ್ಮಲವಾಗಿದೆಯೆಂದು ನಿರ್ಣಯಿಸುವುದು ಈ ಕಾರಣದಿಂದ ಸರಿಯಾಗುವುದಿಲ್ಲ.

೪. ಕೆರೆಯ ಗೋಡು ಹೊಲಕ್ಕೆ

ಕೆರೆ ಕಟ್ಟಿದ ಕಾಲದಿಂದಲೂ ಹೂಳಿನ ಚಿಂತೆಯು ಇದ್ದೇ ಇತ್ತು. ಈ ಸೀಮೆಯ ಶಾಸನಗಳು ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ, ೧೯೦೫ರಲ್ಲಿ, ಅಚ್ಚಾದುವು. ಕರ್ನಾಟಕದ ಶಾಸನಗಳಲ್ಲಿ ಬರುವ ಕಟ್ಟುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ, ದಸವಂದ ಎಂಬ ಶಬ್ದಗಳು ವಿದ್ವಾಂಸರಿಗೆ ಪರಿಚಿತವಾದುವೇ. ಕೆರೆಯನ್ನು ಕಟ್ಟಿದವನಿಗೆ, ಕೆಟ್ಟುದನ್ನು ಸರಿಪಡಿಸಿದವನಿಗೆ, ವರ್ಷವರ್ಷವೂ ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಅಥವಾ ಬೆಳೆಯ ಭಾಗ ಇವುಗಳಿಂದ ಸೂಚಿತವಾಗುತ್ತದೆ. ಕೆರೆಯ ಮಣ್ಣು ಹೊರುವ ಬಂಡಿಯನ್ನು ನಡೆಸಲು ದತ್ತಿ ಬಿಟ್ಟ ಶಾಸನಗಳೂ ಇವೆ. ಕೆರೆಯನ್ನು ಕಟ್ಟುವುದು ಒಂದು ಬಾರಿಯ ಕೆಲಸ, ಹೂಳನ್ನು ತೆಗೆಯುವುದು ಮುಗಿಯದ ಕೆಲಸ ಎಂಬ ತಿಳಿವಳಿಕೆಯು ಈ ಏರ್ಪಾಟಿನ ಹಿಂದೆ ಇದೆ.

ಹೀಗೆ ತೆಗೆದ ಗೋಡು ವ್ಯರ್ಥವಾಗುತ್ತಿರಲಿಲ್ಲ. ಬೇಸಗೆಯಲ್ಲಿ ಕೆರೆಯಂಗಳವು ಒಣಗಿದಾಗ ರೈತರು ಅದನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಈ ಸೀಮೆಯ ಮರಳುಮಿಶ್ರಿತ ಕೆಂಪುನೆಲವು ನೀರನ್ನೂ ಸಾರವನ್ನೂ ಬಹಳ ಹೊತ್ತು ಹಿಡಿಯಲಾರದು. ಜೇಡಿ ತುಂಬಿದ ಗೋಡನ್ನು ಬೆರೆಸಿದರೆ ಆ ಎರಡು ಕೊರತೆಗಳೂ ತೀರುತ್ತವೆ. ಮಳೆಯು ಮೇಲಣ ಹೊಲದಿಂದ ಕೊಚ್ಚಿ ತಂದ ಸಾರವನ್ನು ಕೆರೆಯು ಹಿಡಿದಿಡುತ್ತಿತ್ತು. ಗಾಡಿಯು ಅದನ್ನು ಮತ್ತೆ ಹೊಲಕ್ಕೆ ಮುಟ್ಟಿಸುತ್ತಿತ್ತು. ಜೇಡಿಗೆ ಅಂಟಿಸಿಕೊಳ್ಳುವ ಗುಣವಿರುವುದೇ ಇಲ್ಲಿ ಉಪಕಾರಕವಾಯಿತು.

ಕಣ್ವಾ ಜಲಾಶಯದ ಹೂಳು ಬಹುಮಟ್ಟಿಗೆ ಈ ಜಾತಿಯದು. ಅದರ ಮೇಲಣ ಪ್ರದೇಶವು ಮಾಗಡಿಯ ಬೆಟ್ಟ, ಹೊಲ, ತೋಪುಗಳದು; ದೊಡ್ಡ ನಗರವಿಲ್ಲ. ಈ ಜಲಾಶಯವು ಸೈಫನ್ ಪದ್ಧತಿಯ ಕೋಡಿಗೆ ಹೆಸರಾದುದು. ನೀರು ನಿಯತವಾದ ಮಟ್ಟವನ್ನು ಮೀರಿದೊಡನೆ ಬಾಗಿಲು ತೆರೆಯುವ ಗೋಜಿಲ್ಲದೆ ತಾನಾಗಿಯೇ ಹೊರಬೀಳುತ್ತದೆ. ಹಾಗೆ ಹೋಗುವುದು ಮೇಲಣ ನೀರಾದುದರಿಂದ ತಳದ ಹೂಳು ತಳದಲ್ಲಿಯೇ ಉಳಿಯುತ್ತದೆ. ದೊಡ್ಡ ಜಲಾಶಯಗಳೆಲ್ಲಕ್ಕೂ ಇದು ಸಾಮಾನ್ಯವಾದ ಸ್ವಭಾವ. ವರ್ಷದ ಒಳಹರಿವಿನಷ್ಟು ನೀರನ್ನು ಹಿಡಿಯಬಲ್ಲ ಜಲಾಶಯವು ತನ್ನೊಳಗೆ ಬರುವ ಹೂಳಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಹಿಡಿದಿಡುತ್ತದೆಂದು ಲೆಕ್ಕಹಾಕಲಾಗಿದೆ.

೫. ವೃಷಭಾವತಿ ಮತ್ತು ಬೈರಮಂಗಲ

ವೃಷಭಾವತಿಯ ವಿಷಯವು ಬೇರೆ. ಬೆಂಗಳೂರಿನ ಪಶ್ಚಿಮಭಾಗದ ಚರಂಡಿನೀರು ಈ ಕಣಿವೆಗೆ ಇಳಿಯುತ್ತದೆ; ಪೀಣ್ಯದ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರೂ ಇಲ್ಲಿಗೇ ಬರುತ್ತದೆ. ನಗರವು ಬೆಳೆದಂತೆ ಮಳೆಗಾಲದ ಹೊಳೆಯು ವರ್ಷವಿಡೀ ಹರಿಯುವ ಕೊಳೆಯ ಹೊಳೆಯಾಯಿತು. ಕಣಿವೆಯಲ್ಲಿ ನೀರನ್ನು ಶುದ್ಧಿಮಾಡುವ ಸ್ಥಾವರಗಳಿವೆ. ಆದರೆ ಇಂತಹ ಸ್ಥಾವರಗಳು ಮುಖ್ಯವಾಗಿ ಕೊಳೆಯುವ ಪದಾರ್ಥವನ್ನು ಕಡಮೆಮಾಡಲು ಏರ್ಪಟ್ಟುವು. ಲೋಹಗಳನ್ನು ಅವು ನಾಶಮಾಡಲಾರವು, ಸ್ವಲ್ಪವನ್ನು ತಮ್ಮ ಕೆಸರಿನಲ್ಲಿ ಉಳಿಸಿಕೊಳ್ಳಬಲ್ಲವು ಅಷ್ಟೆ. ಅಲ್ಲದೆ ಚರಂಡಿಯಿಂದ ನೇರವಾಗಿ ಹೊಳೆಗೆ ಬೀಳುವ ನೀರು ಸ್ಥಾವರವನ್ನು ಮುಟ್ಟುವುದೇ ಇಲ್ಲ.

ಈ ನೀರು ಮೊದಲು ನಿಲ್ಲುವ ವಿಸ್ತಾರವಾದ ಸ್ಥಳವೇ ಬೈರಮಂಗಲದ ಕೆರೆ. ಮೇಲೆ ಹೇಳಿದ ನಿಯಮಗಳಂತೆ ಹೊಳೆಯು ತಂದುದೆಲ್ಲ ಇಲ್ಲಿ ಇಳಿಯತೊಡಗುತ್ತದೆ. ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆಗಳಲ್ಲಿ ಬಳಕೆಯಾಗುವ ಕ್ರೋಮಿಯಂ, ನಿಕಲ್, ಸತು ಮುಂತಾದುವು ಜೇಡಿಯನ್ನು ಹಿಡಿದು ತಳಕ್ಕೆ ಹೋಗುತ್ತವೆ. ಬಟ್ಟೆ ಒಗೆಯುವ ಪುಡಿಗಳ ಅಂಶವು ನೀರಿನ ಮೇಲ್ಮೈಯ ಬಿಗಿತವನ್ನು ಸಡಿಲಿಸುವುದರಿಂದ, ನೀರು ತೂಬಿನ ಬಳಿ ಬಿದ್ದು ಗಾಳಿಯೊಡನೆ ಬೆರೆತಾಗ ಬಿಳಿಯ ನೊರೆಯು ರಾಶಿಯಾಗಿ ಏಳುತ್ತದೆ. ನೊರೆಯು ಕಣ್ಣಿಗೆ ಬೀಳುವುದರಿಂದ ಜನರ ದೂರೆಲ್ಲ ಅದರ ಮೇಲೆಯೇ. ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಕೇಡು ತಳದಲ್ಲಿದೆ. ವೃಷಭಾವತಿಯ ನೀರು, ಹೂಳು, ಅದರಿಂದ ಬೆಳೆದ ಸೊಪ್ಪು ತರಕಾರಿಗಳು ಇವುಗಳಲ್ಲಿ ಲೋಹಾಂಶವಿರುವುದನ್ನು ಪ್ರಕಟವಾದ ಹಲವು ಪರಿಶೋಧನೆಗಳು ತೋರಿಸಿವೆ.

ಈ ಕೆರೆಯ ಕೆಳಗಣ ರೈತರು ಬತ್ತವನ್ನು ಬಹುಮಟ್ಟಿಗೆ ಬಿಟ್ಟು ಮೇವಿನ ಹುಲ್ಲು, ಹಿಪ್ಪುನೇರಳೆ, ತೆಂಗು ಮುಂತಾದುವನ್ನು ಬೆಳೆಯುವುದಕ್ಕೆ ತೊಡಗಿದರು. ಅವರಿಗೆ ಈ ನೀರು ಬೇಡವೆನ್ನುವುದು ಸುಲಭವಲ್ಲ. ಬೇಸಗೆಯಲ್ಲಿಯೂ ತಪ್ಪದೆ ಬರುವ ನೀರು ಸೀಮೆಯಲ್ಲಿ ಬೇರೆ ಇಲ್ಲ; ಅದರಲ್ಲಿ ಬೆಳೆಗೆ ಬೇಕಾದ ಸಾರವೂ ಉಂಟು. ಅರ್ಕಾವತಿಯ ಮೇಲ್ಭಾಗದ ಸ್ಥಿತಿಯು ಇದಕ್ಕೆ ತಿರುವುಮುರುವಾದುದು. ಅಲ್ಲಿ ಹರಿವು ಬತ್ತಿದುದಕ್ಕೆ ಮಳೆಯ ಕೊರತೆಯು ಕಾರಣವಲ್ಲವೆಂದೂ, ಅಂತರ್ಜಲವನ್ನು ಮಿತಿಮೀರಿ ಎತ್ತಿದುದೂ ನೀಲಗಿರಿಯ ತೋಪುಗಳು ಹಬ್ಬಿದುದೂ ಮುಖ್ಯ ಕಾರಣಗಳೆಂದೂ ೨೦೧೫ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ನಿರ್ಣಯಿಸಿತು. ಒಳ್ಳೆಯ ನೀರಿನ ಹೊಳೆಯು ಬತ್ತಿ ಕೊಳೆಯ ಹೊಳೆಯು ತುಂಬಿ ಹರಿಯುವುದರಿಂದ, ಎರಡೂ ಕೂಡಿದ ಮೇಲೆ ಕೊಳೆಯನ್ನು ತೆಳುಮಾಡುವ ನೀರು ಸಾಲದಾಗುತ್ತದೆ.

೬. ತಳದಲ್ಲಿ ನಡೆಯುವ ವ್ಯಾಪಾರ

ವಿಷವು ಹೂಳಿನಲ್ಲಿ ಹುದುಗಿದ ಮೇಲೆ ಅಪಾಯವು ತೀರಿತೆಂದು ಭಾವಿಸಬಹುದು. ಆದರೆ ತಳದ ಕೆಸರು ನಿರ್ವ್ಯಾಪಾರವಾದುದಲ್ಲ. ಇಂಗ್ಲೆಂಡಿನ ಸರೋವರಗಳನ್ನು ಪರೀಕ್ಷಿಸಿದ ಕ್ಲಿಫರ್ಡ್ ಮಾರ್ಟಿಮರ್ ಎಂಬ ವಿಜ್ಞಾನಿಯು ೧೯೪೧–೪೨ರಲ್ಲಿ ಈ ವಿಷಯವನ್ನು ವಿಶದಪಡಿಸಿದನು. ತಳದ ನೀರಿನಲ್ಲಿ ಆಮ್ಲಜನಕವಿರುವವರೆಗೆ ಕೆಸರಿನ ಮೇಲ್ಪದರದಲ್ಲಿ ಕಬ್ಬಿಣವು ತುಕ್ಕಿನ ರೂಪದಲ್ಲಿದ್ದು ರಂಜಕದ ಅಂಶವನ್ನು ಬಿಗಿಯಾಗಿ ಹಿಡಿದಿರುತ್ತದೆ. ಕೊಳೆಯುವ ಪದಾರ್ಥವು ಹೆಚ್ಚಿ ಆಮ್ಲಜನಕವು ಮುಗಿದಾಗ ಆ ತುಕ್ಕು ಕರಗಿ, ಹಿಡಿದುದೆಲ್ಲವೂ ಮತ್ತೆ ನೀರಿಗೆ ಬರುತ್ತದೆ. ಪಾಚಿಯೂ ಅಂತರಗಂಗೆಯೂ ಇದರಿಂದ ಕೊಬ್ಬುತ್ತವೆ. ಅವು ಸತ್ತು ಕೊಳೆತು ಆಮ್ಲಜನಕವನ್ನು ಇನ್ನೂ ಕುಗ್ಗಿಸುತ್ತವೆ.

ಲೋಹಗಳ ನಡೆಯು ಇನ್ನಷ್ಟು ತೊಡಕಿನದು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಸತು, ನಿಕಲ್ ಮುಂತಾದುವು ಗಂಧಕದೊಡನೆ ಕೂಡಿ ಕರಗದ ರೂಪವನ್ನು ತಾಳುತ್ತವೆ. ಆ ಕೆಸರನ್ನು ಅಗೆದು ಗಾಳಿಗೆ ಹರಡಿದರೆ ಗಂಧಕವು ಆಮ್ಲವಾಗಿ ಮಾರ್ಪಟ್ಟು, ಲೋಹಗಳು ಬಿಡುಗಡೆಹೊಂದಿ ಗಿಡದ ಬೇರಿಗೆ ದೊರೆಯುವಂತಾಗುತ್ತವೆ. ಕೆರೆಯ ತಳದಲ್ಲಿ ಸುಮ್ಮನಿದ್ದುದು ಹೊಲದಲ್ಲಿ ಚುರುಕಾಗುತ್ತದೆ. ಶಾಸನಗಳ ಕಾಲದಿಂದ ನಡೆದುಬಂದ ಒಳ್ಳೆಯ ರೂಢಿಯೊಂದು, ಹೊಳೆಯ ನೀರು ಬದಲಾದ ಮಾತ್ರಕ್ಕೆ ಕೆಡುಕಿಗೆ ದಾರಿಯಾಗುವುದು ಹೀಗೆ.

ಹೊಳೆಯ ಪಾತ್ರದಿಂದ ಮರಳನ್ನು ಎತ್ತುವುದೂ ಈ ಸಂದರ್ಭದಲ್ಲಿ ನೆನೆಯತಕ್ಕ ವಿಷಯ. ಮರಳಿನ ಹಾಸು ನೀರನ್ನು ಸೋಸಿ ಒಳಕ್ಕೆ ಬಿಡುತ್ತದೆ. ಅದನ್ನು ತೆಗೆದಲ್ಲಿ ಉಳಿಯುವುದು ಗುಂಡಿ. ಗುಂಡಿಯಲ್ಲಿ ನಿಲ್ಲುವುದು ಕೊಳೆನೀರು, ಅದರ ತಳದಲ್ಲಿ ಜೇಡಿ. ಮಣ್ಣನ್ನು ತೊಳೆದು ಮರಳು ಮಾಡುವೆಡೆಗಳಲ್ಲಿ ನುಣ್ಣನೆಯ ಅಂಶವೆಲ್ಲ ತೊಳೆದ ನೀರಿನೊಡನೆ ಹಳ್ಳವನ್ನು ಸೇರಿ ಕೆಳಗಣ ಕೆರೆಯನ್ನು ಬೇಗನೆ ತುಂಬಿಸುತ್ತದೆ.

೭. ಸಂಗಮದಿಂದ ಸಮುದ್ರಕ್ಕೆ

ಬೈರಮಂಗಲವನ್ನು ದಾಟಿದ ನುಣುಪಾದ ಹೂಳು ಅರ್ಕಾವತಿಯನ್ನು ಸೇರಿ ಹಾರೋಬೆಲೆಯಲ್ಲಿ ಮತ್ತೊಮ್ಮೆ ನಿಲ್ಲುತ್ತದೆ. ಕೊಳೆಯ ನೀರನ್ನು ಬೈರಮಂಗಲದ ಕೆರೆಗೆ ಬಿಡದೆ ಪಕ್ಕದ ಕಾಲುವೆಯಲ್ಲಿ ಕೆಳಕ್ಕೆ ಸಾಗಿಸಿದರೆ ಆ ಕೆರೆಗೆ ಹೊಸ ವಿಷವು ಬರುವುದು ತಪ್ಪುತ್ತದೆ. ಆದರೆ ತಳದ ಹಳೆಯ ವಿಷವು ಹಾಗೆಯೇ ಉಳಿಯುತ್ತದೆ, ಹೊಸದು ಮುಂದಿನ ಜಲಾಶಯಕ್ಕೆ ವರ್ಗವಾಗುತ್ತದೆ. ಹಾರೋಬೆಲೆಯನ್ನು ಮೀರಿದುದು ಸಂಗಮದಲ್ಲಿ ಕಾವೇರಿಗೆ ಬಿದ್ದು, ಮೇಕೆದಾಟಿನ ಕಂದರವನ್ನೂ ಹೊಗೇನಕಲ್ಲನ್ನೂ ಇಳಿದು, ೧೯೩೪ರಲ್ಲಿ ಪೂರ್ತಿಯಾದ ಮೆಟ್ಟೂರಿನ ಜಲಾಶಯವನ್ನು ಸೇರುತ್ತದೆ. ಕಾವೇರಿಯ ಹೂಳಿನಲ್ಲಿ ಬಹುಭಾಗಕ್ಕೆ ಅಲ್ಲಿಯೇ ನಿಲುಗಡೆ.

ಅದನ್ನೂ ದಾಟಿದ ಅತಿಸೂಕ್ಷ್ಮ ಜೇಡಿಯು ಪೂಂಪುಹಾರಿನ ಕಡಲ ಬಾಯಲ್ಲಿ ಉಪ್ಪುನೀರನ್ನು ಕೂಡುತ್ತದೆ. ಹೊಳೆಯ ನೀರಿನಲ್ಲಿ ಜೇಡಿಯ ಕಣಗಳು ಒಂದೇ ಜಾತಿಯ ವಿದ್ಯುತ್ತಿನಿಂದ ಒಂದನ್ನೊಂದು ದೂಡುತ್ತಿರುತ್ತವೆ. ಉಪ್ಪು ಆ ದೂಡುವಿಕೆಯನ್ನು ಅಡಗಿಸುವುದರಿಂದ ಕಣಗಳು ಕೂಡಿ ಗಂಟುಕಟ್ಟಿ ಬೇಗನೆ ಮುಳುಗುತ್ತವೆ. ನದೀಮುಖಗಳಲ್ಲಿ ಕೆಸರಿನ ನೆಲವು ಬೆಳೆಯುವುದಕ್ಕೂ ಅಲ್ಲಿ ಮಾಲಿನ್ಯವು ಸೇರಿಕೊಳ್ಳುವುದಕ್ಕೂ ಇದೇ ಕಾರಣ. ಕಡಲ ತಳವು ವಿಷವನ್ನು ಮರೆಸಲಾರದೆಂಬುದಕ್ಕೆ ಜಪಾನಿನ ಮಿನಮಾತ ಕೊಲ್ಲಿಯು ಸಾಕ್ಷಿ. ಅಲ್ಲಿ ೧೯೫೬ರಲ್ಲಿ ಬೆಳಕಿಗೆ ಬಂದ ಪಾದರಸದ ರೋಗಕ್ಕೆ ಕಾರಣವಾದ ಕೆಸರನ್ನು ತೆಗೆದು ಮುಚ್ಚುವ ಕೆಲಸವು ೧೯೭೭ರಿಂದ ೧೯೯೦ರವರೆಗೆ ನಡೆಯಿತು.

ಕನಕಪುರದ ಸೀಮೆಗೆ ಈ ವಿಷಯದಲ್ಲಿ ಒಂದು ವಿಶೇಷವಿದೆ. ಬೆಂಗಳೂರಿಗೆ ೧೯೭೪ರಿಂದ ಬರುತ್ತಿರುವ ಕಾವೇರಿಯ ನೀರನ್ನು ಸಂಗಮಕ್ಕಿಂತ ಮೇಲೆ ಎತ್ತಿಕೊಂಡು, ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿಯ ಮಾರ್ಗವಾಗಿ ಕೊಳವೆಗಳಲ್ಲಿ ನಗರಕ್ಕೆ ಏರಿಸಲಾಗುತ್ತದೆ. ನಗರದಲ್ಲಿ ಬಳಕೆಯಾದ ಆ ನೀರಿನ ಒಂದು ಭಾಗವು ವೃಷಭಾವತಿಯಾಗಿ ಇದೇ ಸೀಮೆಗೆ ಇಳಿದು ಬರುತ್ತದೆ. ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಕೊಡುವುದು ೨೦೧೨ರ ಹೊತ್ತಿಗೆ ನಿಂತುಹೋದ ಮೇಲೆ ಕಾವೇರಿಯ ಮೇಲಣ ಭಾರವು ಇನ್ನೂ ಹೆಚ್ಚಿತು. ಸಂಗಮದ ಕೆಳಗೆ ಮೇಕೆದಾಟಿನ ಬಳಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಅಣೆಕಟ್ಟನ್ನು ಕಟ್ಟುವ ಪ್ರಸ್ತಾಪವೂ ಇದೆ. ಅಂತಹ ಜಲಾಶಯಕ್ಕೆ ಅರ್ಕಾವತಿಯ ನೀರೂ ಹೂಳೂ ಬಂದೇ ಬರುತ್ತವೆ. ಆಗ ವೃಷಭಾವತಿಯ ಶುದ್ಧಿಯು ಕೆಳಗಣ ಹಳ್ಳಿಗಳ ಹಿತಕ್ಕೆ ಮಾತ್ರವಲ್ಲದೆ ನಗರದ ಬಾಯಾರಿಕೆಗೂ ಸಂಬಂಧಪಟ್ಟದ್ದಾಗುತ್ತದೆ.

೮. ಉಪಸಂಹಾರ

ಇಲ್ಲಿಯವರೆಗೆ ವಿವರಿಸಿದ ಸಂಗತಿಗಳಿಂದ ಮೂರು ವಿಷಯಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಮಾಲಿನ್ಯದ ಲೆಕ್ಕವನ್ನು ನೀರಿನಲ್ಲಿ ಮಾತ್ರ ಹುಡುಕಿದರೆ ಸಾಲದು; ತಳದ ನುಣ್ಣನೆಯ ಹೂಳಿನಲ್ಲಿ ಹುಡುಕಬೇಕು, ಪೂರ ಬಂದ ದಿನಗಳಲ್ಲಿಯೂ ಹುಡುಕಬೇಕು. ಎರಡನೆಯದಾಗಿ, ಹೂಳೆತ್ತುವ ಮೊದಲು ಅದು ಯಾವ ಹೊಳೆಯ ಹೂಳೆಂದು ವಿಚಾರಿಸಬೇಕು. ಮಾಗಡಿ ಚನ್ನಪಟ್ಟಣಗಳ ಒಳನಾಡಿನ ಕೆರೆಗಳ ಗೋಡನ್ನು ಪರೀಕ್ಷಿಸಿ ಹೊಲಕ್ಕೆ ಹಾಕುವುದು ಹಿಂದಿನಂತೆಯೇ ಲಾಭಕರ. ಬೈರಮಂಗಲದ ಹೂಳಿಗೆ ಆ ಮರ್ಯಾದೆಯನ್ನು ಪರೀಕ್ಷೆಯಿಲ್ಲದೆ ಸಲ್ಲಿಸಲಾಗದು, ಅದನ್ನು ಎತ್ತಿದರೆ ಎಲ್ಲಿ ಇಡುವುದೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಬೆಂಗಳೂರಿನ ಸಂಸ್ಕರಿಸಿದ ನೀರು ೨೦೧೮ರಿಂದ ಕೋಲಾರದ ಕೆರೆಗಳಿಗೂ ಹರಿಯುತ್ತಿರುವುದರಿಂದ ಈ ಎಚ್ಚರವು ಒಂದು ಜಿಲ್ಲೆಗೆ ಮಾತ್ರ ಸೇರಿದುದಲ್ಲ. ಮೂರನೆಯದಾಗಿ, ಲೋಹವು ಜೇಡಿಯನ್ನು ಸೇರಿದ ಮೇಲೆ ಬೇರ್ಪಡಿಸುವುದು ಬಹು ಕಷ್ಟ, ಸೇರುವ ಮೊದಲು ಕಾರ್ಖಾನೆಯ ಬಾಗಿಲಲ್ಲಿಯೇ ತಡೆಯುವುದು ಎಷ್ಟ��� ಸುಲಭ.

ತಿಪ್ಪಗೊಂಡನಹಳ್ಳಿಯ ತಳದಲ್ಲಿ ೧೯೩೩ರಿಂದಲೂ ಕಣ್ವಾ ಜಲಾಶಯದ ತಳದಲ್ಲಿ ೧೯೪೬ರಿಂದಲೂ ವರ್ಷವರ್ಷದ ಹೂಳು ಪದರಪದರವಾಗಿ ಕೂಡಿದೆ. ಅಣ್ವಸ್ತ್ರಗಳ ಪ್ರಯೋಗದಿಂದ ೧೯೬೩ರ ಸುಮಾರಿಗೆ ಜಗತ್ತಿನಲ್ಲೆಲ್ಲ ಹೆಚ್ಚಾಗಿ ಬಿದ್ದ ಸೀಸಿಯಂ ಧಾತುವಿನ ಗುರುತನ್ನು ಹಿಡಿದು ಇಂತಹ ಪದರಗಳ ಕಾಲವನ್ನು ನಿರ್ಣಯಿಸುವ ವಿಧಾನವು ಬಳಕೆಯಲ್ಲಿದೆ. ಕೆರೆಗೆ ಭೂಮಿ ಬಿಟ್ಟವರ ಹೆಸರನ್ನು ಕಲ್ಲಿನಿಂದ ಓದಿದಂತೆ, ಕೆರೆಗೆ ಏನು ಯಾವಾಗ ಬಂದು ಸೇರಿತೆಂಬುದನ್ನು ಈ ಪದರಗಳಿಂದ ಓದಬಹುದು. ಹೂಳನ್ನು ಎತ್ತಿ ಚೆಲ್ಲುವ ಮೊದಲು ಅದನ್ನು ಓದಿಕೊಳ್ಳುವುದು ಈ ಸೀಮೆಯ ಕೆರೆಗಳ ಚರಿತ್ರೆಗೂ ಅವುಗಳ ಮುಂದಿನ ರಕ್ಷಣೆಗೂ ಅವಶ್ಯಕವಾದ ಕೆಲಸ.